ಕುರ್ಡಿಗೆ ಕಳಿಸಿದ ಹೂವು

ರಾಯಚೂರಿನಲ್ಲಿ ಹೂವು ಬೆಳೆಸುವುದೆಂದರೆ ಬಿಸಿಲಿನ ಜೊತೆ ಕಾಲು ಕೆರೆದು ಜಗಳಕ್ಕೆ ನಿಂತಂತೆ. ಏಪ್ರಿಲ್ ಬಂತೆಂದರೆ ಟ್ಯಾಂಕಿನ ನೀರು ಚಹಾ ಕಾಸುವಷ್ಟು ಕಾದಿರುತ್ತದೆ. ಬೋರಿನ ನೀರು ಕುಂಡದ ಮಣ್ಣಿನ ಮೇಲೆ ಬಿಳಿ ಉಪ್ಪಿನ ಗೆರೆ ಬಿಟ್ಟು ಹೋಗುತ್ತದೆ. ಅಂಥ ಊರಿನಲ್ಲಿ ರಾಧಾ ಟೀಚರ್ ಮನೆಯ ಮುಂದಿನ ಹತ್ತು ಹೆಜ್ಜೆ ಜಾಗದಲ್ಲಿ ಕನಕಾಂಬರ, ದಾಸವಾಳ, ಶಂಖಪುಷ್ಪ, ಸೇವಂತಿಗೆ, ದುಂಡುಮಲ್ಲಿಗೆ ಎಲ್ಲವೂ ಇದ್ದವು. ಹಳೆಯ ಪೇಂಟ್ ಡಬ್ಬಿಗಳ ತಳಕ್ಕೆ ತೂತು ಕೊರೆದು, ಹಳೆಯ ಸೀರೆಗಳನ್ನು ಕಂಬಕ್ಕೆ ಕಟ್ಟಿ ನೆರಳು ಮಾಡಿ, ಅಕ್ಕಿ ತೊಳೆದ ನೀರನ್ನು ಒಂದು ಹನಿ ಚೆಲ್ಲದೆ ಹಾಕಿ ಹದಿನಾಲ್ಕು ವರ್ಷ ಸಾಕಿದ ತೋಟ ಅದು. ಓಣಿಯವರು ಮೊದಮೊದಲು ನಕ್ಕರು. ಆಮೇಲೆ ಪೂಜೆಗೆ ನಾಲ್ಕು ಹೂವು ಕೊಡಿ ಎಂದು ಬುಟ್ಟಿ ಹಿಡಿದು ಬಂದರು. ರಾಧಾ ಕೊಡುತ್ತಿರಲಿಲ್ಲ, ಬೇಕಾದರೆ ಫೋಟೋ ಕಳಿಸುತ್ತೇನೆ ಅನ್ನುತ್ತಿದ್ದಳು. ದೇವರ ತಲೆಯ ಮೇಲೆ ಫೋನ್ ಇಡೋದಾ ಎಂದು ಪಕ್ಕದ ಮನೆಯಾಕೆ ಗೊಣಗಿಕೊಂಡು ಹೋದದ್ದೂ ಉಂಟು.

ಫೋಟೋದ ಹುಚ್ಚು ತೋಟದ ಹುಚ್ಚಿಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಬೆಳಿಗ್ಗೆ ಆರೂವರೆಗೆ, ಬಿಸಿಲು ಇನ್ನೂ ಮೆತ್ತಗಿರುವಾಗ, ಅವಳು ಫೋನ್ ಹಿಡಿದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂರುವಳು. ಬಿಳಿ ಹೂವಾದರೆ ಹಿಂದೆ ಕಪ್ಪು ಬೇಕು. ಅದಕ್ಕೆಂದೇ ಶಾಲೆಯ ಹಳೆಯ ಪಾಟಿಯೊಂದನ್ನು ತಂದಿಟ್ಟುಕೊಂಡಿದ್ದಳು. ಪಾಟಿ ಹಿಡಿಯುವ ಕೆಲಸ ಗಂಡ ಸುಭಾಷನದು. ನೀರಾವರಿ ಕಚೇರಿಯ ಗುಮಾಸ್ತ, ಸಾಧು ಮನುಷ್ಯ. ಹೆಂಡತಿಗೆ ಕೊಡೆ ಹಿಡಿದ ಗಂಡಂದಿರು ಬೇಕಾದಷ್ಟಿದ್ದಾರೆ, ಪಾಟಿ ಹಿಡಿದವನು ಜಿಲ್ಲೆಗೆ ನಾನೊಬ್ಬನೇ ಅನ್ನುತ್ತಿದ್ದ. ದಿನಕ್ಕೊಂದು ಹೂವು, ಒಂದೇ ಒಂದು. ಏಳು ಗಂಟೆಗೆ ಅದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹೋಗಬೇಕು. ಅದನ್ನು ಎಲ್ಲರಿಗಿಂತ ಮೊದಲು ನೋಡುವವಳು ಮಾನ್ವಿ ಹತ್ತಿರದ ಕುರ್ಡಿ ಹಳ್ಳಿಯಲ್ಲಿದ್ದ ತಂಗಿ ಮೌನೇಶ್ವರಿ.

ಎಲ್ಲ ಹೂವಿನಲ್ಲೂ ರಾಧಾಳಿಗೆ ಜೀವವಾದದ್ದು ನಂದಿಬಟ್ಟಲು. ಐದೇ ಎಸಳು, ಗಾಳಿಗಿರಕಿಯ ಹಾಗೆ ಎಲ್ಲವೂ ಒಂದೇ ಕಡೆ ತಿರುಗಿದವು, ಹಾಲಿನಷ್ಟು ಬಿಳುಪು. ದೇವದುರ್ಗದ ಕಡೆಯ ತವರಿನಲ್ಲಿ, ಅವ್ವ ಪಕೀರಮ್ಮ ಬಚ್ಚಲ ನೀರು ಹೋಗುವಲ್ಲಿ ನೆಟ್ಟಿದ್ದ ಗಿಡದ ಕೊಂಬೆ ಅದು. ಅವ್ವ ಸತ್ತ ವರ್ಷ ತವರಿನಿಂದ ರಾಧಾ ತಂದುಕೊಂಡ ಆಸ್ತಿ ಅದೊಂದೇ.

ಈ ಅಕ್ಕತಂಗಿಯರ ಕತೆಯನ್ನು ಒಂದಿಷ್ಟು ಹೇಳಿಬಿಡಬೇಕು. ಅವರದು ಕೂಲಿ ಮಾಡಿ ಉಣ್ಣುವ ಕೇರಿ. ಆ ಕೇರಿಯಿಂದ ಮೊದಲು ಬಿ.ಎಡ್. ಮಾಡಿದವಳು ರಾಧಾ. ಅವಳು ಓದಲೆಂದು ಓದು ಬಿಟ್ಟವಳು ಮೌನೇಶ್ವರಿ. ಆರನೇ ಇಯತ್ತೆಗೇ ಪಾಟಿ ಬಿಟ್ಟು ಹತ್ತಿ ಹೊಲದ ಕ್ರಾಸಿಂಗ್ ಕೆಲಸಕ್ಕೆ ಹೋದಳು. ಬೀಜದ ಹತ್ತಿ ಬೆಳೆಯುವವರು ಮಾಡಿಸುವ ಕೆಲಸ ಅದು. ಸಂಜೆ ಹೆಣ್ಣುಗಿಡದ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುಲಿದು, ಒಳಗಿನ ಕೇಸರವನ್ನೆಲ್ಲ ತೆಗೆದು, ನಡುವಿನ ಎಳೆಯೊಂದನ್ನೇ ಉಳಿಸಬೇಕು. ಮರುದಿನ ಬೆಳಿಗ್ಗೆ ಗಂಡುಹೂವು ತಂದು ಆ ಎಳೆಯ ತುದಿಗೆ ಮುಟ್ಟಿಸಬೇಕು. ಉಗುರು ಸ್ವಲ್ಪ ಜಾರಿದರೂ ಕಾಯಿ ಕಟ್ಟುವುದಿಲ್ಲ. ಕಣ್ಣು ಚುರುಕಿರಬೇಕು, ಬೆರಳು ಅದಕ್ಕಿಂತ ಚುರುಕಿರಬೇಕು. ಮೌನೇಶ್ವರಿಯವು ಎರಡೂ ಹಾಗೇ ಇದ್ದವು. ಒಂದು ಸಾಲನ್ನು ಉಳಿದವರು ಅರ್ಧ ಮಾಡುವಷ್ಟರಲ್ಲಿ ಅವಳು ಮುಗಿಸಿ ಬದುವಿನ ಮೇಲೆ ಕೂತು ಹಾಡು ಹೇಳುತ್ತಿದ್ದಳು. ರಾಧಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ನಿಂತ ಮೇಲೆ, ಹೂವಿನ ಭಾಗಗಳ ಪಾಠ ಬಂದಾಗಲೆಲ್ಲ ತಂಗಿಯ ಮಾತು ನೆನಪಾಗುತ್ತಿತ್ತು. ಅವಳು ಒಮ್ಮೆ ನಗುತ್ತಾ ಅಂದಿದ್ದಳು:

“ನೀ ಬೋರ್ಡ್ ಮ್ಯಾಲ ಬರೀತಿ, ನಾ ಉಗುರಿಲೆ ಮಾಡ್ತೀನಿ. ಇಬ್ರೂ ಒಂದ ಸಾಲಿ ಮಾಸ್ತರೇ.”

ರಾಧಾಳಿಗೆ ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಮುಳ್ಳೂ ಇತ್ತು. ತಾನು ಕುರ್ಚಿಯ ಮೇಲೆ ಕೂತದ್ದು ತಂಗಿಯ ಉಗುರಿನಿಂದ ಎಂದು ಅವಳು ಮರೆತವಳಲ್ಲ. ಸೀರೆ ಕೊಟ್ಟರೆ ಮೌನೇಶ್ವರಿ ತೆಗೆದುಕೊಳ್ಳುತ್ತಿರಲಿಲ್ಲ, ದುಡ್ಡಂತೂ ಮುಟ್ಟುತ್ತಿರಲಿಲ್ಲ. ದಿನಾ ಬೆಳಿಗ್ಗೆಯ ಹೂವಿನ ಫೋಟೋ ಮಾತ್ರ ತಪ್ಪಬಾರದು ಎನ್ನುತ್ತಿದ್ದಳು. ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ, ಇದರ ಕೇಸರ ಹೀಗಿದೆ, ಅದರದು ಹಾಗಿದೆ ಎಂದು ಫೋನ್ ಮಾಡಿ ಹೇಳುವಳು. ವಿಜ್ಞಾನದ ಟೀಚರಿಗೂ ಕಾಣದ್ದು ಅವಳಿಗೆ ಕಾಣುತ್ತಿತ್ತು.

ಹೋದ ಡಿಸೆಂಬರಿನಲ್ಲಿ, ಭತ್ತದ ಕೊಯ್ಲಿನ ಹೊತ್ತು, ಮೌನೇಶ್ವರಿಯ ಎಡಗಣ್ಣಿಗೆ ಸುಂಕು ಬಿತ್ತು. ಭತ್ತದ ತೆನೆಯ ಮುಳ್ಳಿನಂಥ ಕೂದಲು, ಯಂತ್ರದ ಗಾಳಿಗೆ ಹಾರಿ ಬಂದದ್ದು. ಕೊಯ್ಲಿನ ಕಾಲಕ್ಕೆ ಅದು ಯಾರ ಕಣ್ಣಿಗೆ ಬೀಳುವುದಿಲ್ಲ? ಸೆರಗಿನ ತುದಿಯಿಂದ ತೆಗೆಸಿಕೊಂಡು ಕೆಲಸಕ್ಕೆ ನಿಂತಳು. ಎರಡು ದಿನವಾದರೂ ಕೆಂಪು ಇಳಿಯಲಿಲ್ಲ. ಗಂಡ ಅಮರೇಶ ಸಿಂಧನೂರಿನ ಕಡೆ ಕೊಯ್ಲಿನ ಯಂತ್ರ ಓಡಿಸಲು ಹೋಗಿದ್ದ. ಮಾನ್ವಿಗೆ ಹೋಗಿ ಡಾಕ್ಟರಿಗೆ ತೋರಿಸಲೇನಕ್ಕ ಎಂದು ಅವಳು ಫೋನ್ ಮಾಡಿ ಕೇಳಿದಳು.

ಇಲ್ಲೇ ನೋಡಿ, ಎಲ್ಲ ಓದೂ ಒಂದು ಕಡೆ ಸರಿದು ನಿಂತುಬಿಟ್ಟಿತು. ರಾಧಾಳಿಗೆ ನೆನಪಾದದ್ದು ಅವ್ವನ ಬೆರಳು. ಚಿಕ್ಕವರಿದ್ದಾಗ ಕಣ್ಣು ಕೆಂಪಾದರೆ ಅವ್ವ ನಂದಿಬಟ್ಟಲು ಹೂವನ್ನು ಅಂಗೈಯಲ್ಲಿ ಹೊಸಕಿ, ತೆಳು ಬಟ್ಟೆಯಲ್ಲಿ ಹಿಂಡಿ, ಕೇರಿಯ ಯಾವುದಾದರೂ ಬಾಣಂತಿಯ ಎದೆಹಾಲಿನ ಎರಡು ಹನಿ ಕೂಡಿಸಿ ಕಣ್ಣಿಗೆ ಬಿಡುತ್ತಿದ್ದಳು. ತಣ್ಣಗಾಗುತ್ತಿತ್ತು. ಮರುದಿನ ವಾಸಿಯೂ ಆಗುತ್ತಿತ್ತು. ಹೂವಿನಿಂದ ವಾಸಿಯಾಯಿತೋ, ಹಾಗೇ ವಾಸಿಯಾಯಿತೋ ಎಂದು ಯಾರೂ ಕೇಳುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗಾಯಿತಲ್ಲ ನಿನ್ನ ಮಾತು ಎಂದು ರಾಧಾ ತಂಗಿಯನ್ನು ಗದರಿದಳು; ಅವ್ವನ ಗಿಡ ತನ್ನ ಅಂಗಳದಲ್ಲೇ ಇರುವಾಗ ಮಾನ್ವಿಗೆ ಯಾಕೆ ಅಲೆಯಬೇಕು ಎಂದಳು.

ಮರುದಿನ ಬೆಳಿಗ್ಗೆ, ಯಾವ ದೇವರಿಗೂ ಒಂದು ಹೂವು ಕೀಳದವಳು ನಂದಿಬಟ್ಟಲನ್ನು ಬೋಳು ಮಾಡಿದಳು. ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಹೂವನ್ನು ಒಂದರ ಪಕ್ಕ ಒಂದು ಇಟ್ಟು, ಮುಚ್ಚುವ ಮೊದಲು ಒಂದು ಫೋಟೋ ತೆಗೆದಳು. ಅಷ್ಟು ಚೆಂದದ ಫೋಟೋ ಅವಳು ಅದುವರೆಗೆ ತೆಗೆದಿರಲಿಲ್ಲ. ಕುರ್ಡಿ ಬಸ್ಸಿನ ಕಂಡಕ್ಟರ್ ಬೀರೇಶನ ಕೈಗೆ ಡಬ್ಬಿ ಕೊಟ್ಟು, ತಂಗಿ ಬಂದು ಇಳಿಸಿಕೊಳ್ಳುತ್ತಾಳೆ ಎಂದಳು. ಮೂರು ದಿನ, ಮೂರು ಡಬ್ಬಿ. ಬಾಣಂತಿಯ ಹಾಲನ್ನೂ ಮರೆಯಬೇಡ ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದಳು. ತಂಗಿಗೆ ಕೊನೆಗೂ ಏನೋ ಒಂದು ಕೊಟ್ಟೆನಲ್ಲ, ಅವಳೂ ತೆಗೆದುಕೊಂಡಳಲ್ಲ ಎಂದು ಆ ಮೂರು ದಿನ ರಾಧಾ ತುಂಬ ಸಂತೋಷದಲ್ಲಿದ್ದಳು.

ಐದನೆಯ ದಿನ ಮೌನೇಶ್ವರಿಯ ಕಣ್ಣಿನ ಕಪ್ಪಿನ ಮೇಲೆ ಬಿಳಿ ಚುಕ್ಕೆ ಮೂಡಿತು. ನೋವು ತಾಳದೆ ಒಬ್ಬಳೇ ಬಸ್ಸು ಹತ್ತಿ ರಾಯಚೂರಿಗೆ ಬಂದಳು. ರಾಧಾ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅವರಿಗಿಂತ ಮುಂಚಿನ ಸರದಿ ಒಬ್ಬ ಮುದುಕಿಯದಿತ್ತು. ಕಣ್ಣಿಗೆ ಯಾವುದೋ ಸೊಪ್ಪಿನ ರಸ ಬಿಟ್ಟುಕೊಂಡು ಬಂದಿದ್ದಳಂತೆ. ಡಾಕ್ಟರು ಅವಳನ್ನು ಬೈದದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತು. ನಿಮ್ಮಂಥವರಿಗೆ ಬುದ್ಧಿ ಬರುವುದು ಯಾವಾಗ ಅಂದರು. ಮುದುಕಿ ನೆಲ ನೋಡುತ್ತಾ ಹೊರಗೆ ಬಂದಳು. ಆಮೇಲೆ ಇವರು ಒಳಗೆ ಹೋದರೆ, ಅದೇ ಡಾಕ್ಟರು ರಾಧಾಳ ಸೀರೆ, ಕೈಗಡಿಯಾರ, ಮಾತು ನೋಡಿ ಕುರ್ಚಿ ತೋರಿಸಿದರು. ಕುಳಿತುಕೊಳ್ಳಿ ಮೇಡಂ ಅಂದರು. ಎಲ್ಲಿ ಕೆಲಸ ಎಂದು ಕೇಳಿ, ವಿಜ್ಞಾನ ಟೀಚರ್ ಎಂದು ಗೊತ್ತಾದ ಮೇಲೆ ನಕ್ಕರು, ತಮ್ಮವರೊಬ್ಬರು ಸಿಕ್ಕ ಹಾಗೆ. ಅವಳ ಅವ್ವ ಯಾವ ಕಚೇರಿಯಲ್ಲೂ ಕುರ್ಚಿ ಮೇಲೆ ಕೂತವಳಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತೇ ಕೆಲಸ ಮುಗಿಸಿಕೊಂಡು ಬರುತ್ತಿದ್ದಳು. ರಾಧಾ ಆ ಕುರ್ಚಿಯಲ್ಲಿ ಕೂತಳು.

“ಕಣ್ಣಿಗೆ ಏನಾದರೂ ಹಾಕಿದ್ದೀರಾ? ಎಲೆ ರಸ, ಹಾಲು, ಎಣ್ಣೆ?” ಡಾಕ್ಟರು ಟಾರ್ಚು ಹಿಡಿದು ಕೇಳಿದರು.

ಮೌನೇಶ್ವರಿ ಬಾಯಿ ತೆರೆದಳು. ರಾಧಾ ಅವಳ ಮುಂಗೈ ಅದುಮಿ ಹಿಡಿದಳು.

“ಇಲ್ಲ ಸರ್. ಅಂಥದ್ದೆಲ್ಲ ನಮ್ಮ ಮನೆಯಲ್ಲಿ ಇಲ್ಲ.”

ಇಷ್ಟೇ. ಒಂದು ಉಸಿರಿನಲ್ಲಿ ಮುಗಿದುಹೋದ ಮಾತು. ಡಾಕ್ಟರು ಗುಡ್ ಎಂದು ಚೀಟಿಯ ಮೇಲೆ ಹಾಗೇ ಬರೆದುಕೊಂಡು, ಮಾಮೂಲಿ ಸೋಂಕಿನ ಹನಿ ಬರೆದುಕೊಟ್ಟರು. ಮನೆಗೆ ಬಂದ ಮೇಲೆ ರಾಧಾ ಫೋನ್ ತೆಗೆದು ಸ್ಟೀಲ್ ಡಬ್ಬಿಯ ಫೋಟೋವನ್ನು ಅಳಿಸಿಹಾಕಿದಳು. ಯಾರೂ ಕೇಳಿರಲಿಲ್ಲ, ಆದರೂ ಅಳಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಅಂದರೆ ಇದೇ.

ಹನಿ ಹಾಕಿದಷ್ಟೂ ಚುಕ್ಕೆ ಹರಡಿತು. ಒಂಬತ್ತು ದಿನ ನೋಡಿ ಅದೇ ಡಾಕ್ಟರು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಕೆಲಸ ಬಿಟ್ಟು ಬಂದ ಅಮರೇಶ ಹೆಂಡತಿಯನ್ನು ರೈಲಿಗೆ ಹತ್ತಿಸಿಕೊಂಡು ಹೋದ. ಅಲ್ಲಿಂದ ಫೋನ್ ಮಾಡಿ, ಕಣ್ಣಿನಿಂದ ಕೆರೆದು ನೋಡಿದರಂತೆ, ಒಳಗೆ ಬೂಸ್ಟು ಬೆಳೆದಿದೆಯಂತೆ ಎಂದ. ಸುಂಕಿನಿಂದ ಬಂದಿರಬಹುದು, ಇಲ್ಲ ಎಲೆ ಹೂವಿನ ರಸ ಬಿಟ್ಟರೂ ಬರುತ್ತದೆ. ಅಂಥದ್ದು ಹಾಕಿದ್ದರೆಂದು ಮೊದಲ ದಿನವೇ ಗೊತ್ತಾಗಿದ್ದರೆ ಔಷಧವೇ ಬೇರೆ ಕೊಡುತ್ತಿದ್ದರು, ಈಗ ಕೈ ಮೀರಿದೆ, ಕಣ್ಣು ತೆಗೆಯಬೇಕು ಅಂದರಂತೆ. ಚೀಟಿಯಲ್ಲಿ ಏನೂ ಹಾಕಿಲ್ಲ ಎಂದು ಬರೆದಿದೆಯಲ್ಲ, ಅದು ಖರೆ ಹೌದಲ್ಲೇನಕ್ಕ ಎಂದು ಅಮರೇಶ ಕೇಳಿದ.

ರಾಧಾ ಹೌದು ಎಂದಳು. ಮೊದಲನೆಯ ಸುಳ್ಳಿಗೆ ನಾಚಿಕೆ ಕಾರಣವಾಗಿತ್ತು. ಎರಡನೆಯದಕ್ಕೆ ಮೊದಲನೆಯದೇ ಕಾರಣ.

ಮೌನೇಶ್ವರಿ ಎಡಗಡೆಗೆ ಗಾಜಿನ ಕಣ್ಣು ಇರಿಸಿಕೊಂಡು ಬಂದಳು. ರಾಧಾಳ ಮನೆಯಲ್ಲಿ ಹದಿನೈದು ದಿನ ಇದ್ದಳು. ಅವಳು ಅತ್ತಿದ್ದರೆ, ಬೈದಿದ್ದರೆ, ರಾಧಾ ಬಹುಶಃ ಆಗಲೇ ಬಾಯಿ ಬಿಡುತ್ತಿದ್ದಳು. ಅವಳು ಮಾಡಿದ್ದೇ ಬೇರೆ. ಡಾಕ್ಟರ ಹನಿ ಬೆಂಕಿಯ ಹಾಗೆ ಉರಿಯುತ್ತಿತ್ತು, ನಿನ್ನ ಹೂವು ತಂಪಗಿತ್ತು, ಅದನ್ನೇ ಬಿಡದೆ ಹಾಕಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ ಎಂದಳು. ರಾಧಾ ಚಪಾತಿ ಹಿಟ್ಟು ನಾದುತ್ತಿದ್ದವಳು ನಾದುತ್ತಲೇ ಇದ್ದಳು. ತಂಗಿ ಹೊರಡುವ ದಿನ, ಪೇಂಟ್ ಡಬ್ಬಿಯಲ್ಲಿ ಬೇರು ಬಿಟ್ಟಿದ್ದ ನಂದಿಬಟ್ಟಲಿನ ಸಸಿ ಬೇಕೆಂದಳು. ಕೊಡುವುದಿಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಚೆಂದಕ್ಕೆ ಮಾತ್ರ ಇಟ್ಟುಕೋ ಎಂದಷ್ಟೇ ರಾಧಾ ಅಂದಳು. ಮೌನೇಶ್ವರಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು.

ಅಂದಿನಿಂದ ರಾಧಾ ಫೋಟೋ ತೆಗೆಯುವುದನ್ನು ಬಿಟ್ಟಳು. ಗಿಡಗಳಿಗೆ ನೀರು ಹಾಕುವುದು ಸುಭಾಷನ ಪಾಲಿಗೆ ಬಂತು. ಪಾಟಿ ಗೋಡೆಗೊರಗಿ ಧೂಳು ತಿಂದಿತು. ಏನಾಯಿತು ನಿನಗೆ ಎಂದು ಅವನು ಕೇಳಿದರೆ ಶಾಲೆಯ ಕೆಲಸ ಹೆಚ್ಚಾಗಿದೆ ಎನ್ನುವಳು. ಅವನಿಗೂ ಹೇಳಿರಲಿಲ್ಲ. ಒಂಬತ್ತನೇ ತರಗತಿಗೆ ಮೂಢನಂಬಿಕೆಯ ಮೇಲೆ ಪಾಠ ಮಾಡುವಾಗ ಒಂದು ದಿನ ನಡುವೆಯೇ ನಿಲ್ಲಿಸಿ, ಮಕ್ಕಳಿಗೆ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಬಳಿ ನಿಂತಳು.

ಇನ್ನೊಂದು ಸಂಕಟ ಆಗಸ್ಟಿನಲ್ಲಿ ಶುರುವಾಯಿತು. ಅಕ್ಕನ ಹೂವು ಬರುವುದು ನಿಂತಿತೆಂದು ಮೌನೇಶ್ವರಿ ತಾನೇ ಕಳಿಸತೊಡಗಿದಳು. ಕುರ್ಡಿಯ ಅವಳ ಅಂಗಳದಲ್ಲಿ ಸಸಿ ಹೂ ಬಿಟ್ಟಿತ್ತು. ಪಾಟಿ ಇಲ್ಲದ್ದಕ್ಕೆ ಹೂವಿನ ಹಿಂದೆ ರೊಟ್ಟಿಯ ಹೆಂಚು ಹಿಡಿಯುತ್ತಿದ್ದಳು. ಹೆಂಚು ಕಪ್ಪಗೆ, ಹೂವು ಬೆಳ್ಳಗೆ, ಬಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ಪ್ರತಿ ಫೋಟೋದಲ್ಲೂ ಹೂವು ಎಡಕ್ಕೆ ಸರಿದಿರುತ್ತಿತ್ತು. ಒಂದೆರಡು ಎಸಳು ಹೊರಗೆ ಉಳಿದು ಕತ್ತರಿಸಿಹೋಗಿರುತ್ತಿದ್ದವು. ಆ ಕಡೆ ಅವಳಿಗೆ ಕಾಣುತ್ತಿರಲಿಲ್ಲ. ಚೆಂದ ಬಂದಿದೆಯಾ ಎಂದು ಕೇಳುವಳು. ಬಹಳ ಚೆಂದ ಎಂದು ರಾಧಾ ಬರೆಯುವಳು, ಬರೆದು ಬಚ್ಚಲಿಗೆ ಹೋಗಿ ಅಳುವಳು.

ಅಕ್ಟೋಬರಿನ ಒಂದು ಸೋಮವಾರ ಬೆಳಿಗ್ಗೆ ಬಂದ ಫೋಟೋದಲ್ಲಿ ಹೂವು ಗಿಡದಲ್ಲಿರಲಿಲ್ಲ. ಎಲೆಯ ಮೇಲೆ ಒಂದು ಹಿಡಿ ಹೂವು ಕಿತ್ತಿಟ್ಟಿತ್ತು. ಜೊತೆಗೆ ಮೌನೇಶ್ವರಿಯ ಧ್ವನಿ:

“ಯಕ್ಕಾ, ನಮ್ಮ ಮೇಸ್ತ್ರಿ ಗೋಪಮ್ಮನ ಕಣ್ಣಿಗೆ ಹತ್ತಿಗಿಡದ ಎಲಿ ಹೊಡದು ಕೆಂಪಾಗೇದ. ನಿನ್ನ ಹೂವು ಕೊಟ್ಟೀನಿ. ನಮ್ಮಕ್ಕ ಸೈನ್ಸ್ ಟೀಚರ್ ಅದಾಳ, ಅಕಿ ಹೇಳಿದ್ದು ಸುಳ್ಳಾಗಂಗಿಲ್ಲ ಅಂದೀನಿ. ನಿನ್ನಿ ಸಂಜಿಗೊಮ್ಮೆ ಹಾಕ್ಯಾಳ, ಇವತ್ತು ಮಧ್ಯಾಹ್ನ ಮತ್ತ ಹಾಕ್ತಾಳ.”

ರಾಧಾ ತಕ್ಷಣ ಫೋನ್ ಮಾಡಿದಳು. ಎತ್ತಲಿಲ್ಲ. ಕ್ರಾಸಿಂಗಿನ ಹೊತ್ತು, ಫೋನು ಬದುವಿನ ಮೇಲಿನ ಚೀಲದಲ್ಲಿ ಬಿದ್ದಿರುತ್ತದೆ. ನಾಲ್ಕು ಸಲ ಮಾಡಿದಳು. ಸುಭಾಷನಿಗೆ ಶಾಲೆಗೆ ರಜೆ ತಿಳಿಸು ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು.

ಬಸ್ಸು ಕಲ್ಮಲ ದಾಟುವ ತನಕ ಅವಳು ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದಳು. ಹೂವು ಹಾಕಬೇಡಿ, ಹೊಸದಾಗಿ ಪತ್ರಿಕೆಯಲ್ಲಿ ಬಂದಿದೆ ಎನ್ನಬಹುದು. ಗಿಡಕ್ಕೆ ರೋಗ ಬಂದಿದೆ ಎನ್ನಬಹುದು. ಗೋಪಮ್ಮನನ್ನು ಸುಮ್ಮನೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತನ್ನ ಮಾತನ್ನು ಎತ್ತದೆಯೂ ಇರಬಹುದು. ಸುಳ್ಳಿಗೆ ದಾರಿ ನೂರಿದ್ದವು. ಆದರೆ ಇವತ್ತು ಒಬ್ಬಳು ಗೋಪಮ್ಮ, ನಾಳೆ ಇನ್ನೊಬ್ಬಳು. ಆ ಗಿಡ ಅಂಗಳದಲ್ಲಿರುವ ತನಕ, ಅಕ್ಕನ ಮಾತು ಮೌನೇಶ್ವರಿಯ ಬಾಯಲ್ಲಿರುವ ತನಕ, ಯಾರದೋ ಕಣ್ಣು ಹೋಗುತ್ತಲೇ ಇರುತ್ತದೆ. ಇದ್ದದ್ದನ್ನು ಹೇಳಿದರೆ ತಂಗಿ ಹೋಗುತ್ತಾಳೆ. ಕುರ್ಡಿ ಬಂದಾಗ ಅವಳು ಎಲ್ಲರಿಗಿಂತ ಮೊದಲು ಇಳಿದಳು.

ಹೊಲ ಊರ ಅಂಚಿನಲ್ಲೇ ಇತ್ತು. ಹನ್ನೆರಡು ಹೆಂಗಸರು ಸಾಲು ಹಿಡಿದಿದ್ದರು. ಎಲ್ಲರಿಗಿಂತ ಹಿಂದೆ, ಅರ್ಧ ಸಾಲು ಹಿಂದೆ, ಮೌನೇಶ್ವರಿ. ರಾಧಾ ಬದುವಿನ ಮೇಲೇ ನಿಂತುಬಿಟ್ಟಳು. ತಂಗಿ ಒಂದು ಕೈಯಲ್ಲಿ ಗಂಡುಹೂವು ಹಿಡಿದು ಸುಲಿದ ಮೊಗ್ಗಿನ ಎಳೆಗೆ ಮುಟ್ಟಿಸಲು ನೋಡುತ್ತಿದ್ದಳು. ಹೂವು ಎಳೆಯ ಪಕ್ಕಕ್ಕೆ ಹೋಯಿತು. ಮತ್ತೆ ಹಿಂದೆ ಹೋಯಿತು. ಮೂರನೆಯ ಸಲ ಎಡಗೈ ಬೆರಳಿನಿಂದ ಎಳೆಯನ್ನು ತಡವಿ ಹುಡುಕಿ, ಆಮೇಲೆ ಮುಟ್ಟಿಸಿದಳು. ಒಂದು ಕಣ್ಣಿಗೆ ಹತ್ತಿರ ದೂರ ತಿಳಿಯುವುದಿಲ್ಲ ಎಂದು ರಾಧಾ ಪುಸ್ತಕದಲ್ಲಿ ಓದಿದ್ದಳು, ಮಕ್ಕಳಿಗೆ ಒಂದು ಕಣ್ಣು ಮುಚ್ಚಿಸಿ ಪೆನ್ನಿನ ಮುಚ್ಚಳ ಹಾಕಿಸಿ ತೋರಿಸಿದ್ದಳು. ಇಷ್ಟು ನಿಧಾನ ಮಾಡುವವಳನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಗೋಪಮ್ಮ. ಆ ಗುಂಪಿನ ಮೇಸ್ತ್ರಿ ಅವಳೇ. ಉಳಿದವರು ಗೊಣಗಿದರೂ ಮೌನೇಶ್ವರಿಯ ಸಾಲನ್ನು ತಾನು ಅರ್ಧ ಮುಗಿಸಿಕೊಡುತ್ತಿದ್ದಳು. ಅವಳಿಗೆ ಮೌನೇಶ್ವರಿ ಕೊಡಬಹುದಾಗಿದ್ದದ್ದು ಒಂದೇ, ಅಕ್ಕನ ಹೂವು.

ರಾಧಾಳನ್ನು ಕಂಡು ಮೌನೇಶ್ವರಿ ನಗುತ್ತಾ ಓಡಿಬಂದಳು, ಏನು ಇದ್ದಕ್ಕಿದ್ದಂತೆ ಎಂದಳು. ಗೋಪಮ್ಮನೂ ಬಂದಳು. ಅವಳ ಬಲಗಣ್ಣು ಕೆಂಡವಾಗಿತ್ತು. ಸೆರಗಿನ ಗಂಟಿನಲ್ಲಿ ಹೂವು ಕಟ್ಟಿಕೊಂಡಿದ್ದಳು. ರಾಧಾ ಆ ಗಂಟನ್ನು ತಾನೇ ಬಿಚ್ಚಿ ಹೂವನ್ನು ನೆಲಕ್ಕೆ ಸುರಿದಳು.

“ಇದನ್ನ ಹಾಕಬ್ಯಾಡ್ರಿ. ಇದರ ರಸದಾಗ ಬೂಸ್ಟು ಇರ್ತದ, ಕಣ್ಣು ತಿಂತದ. ಮೌನಾನ ಕಣ್ಣು ಹೋಗಿದ್ದು ಇದರಿಂದ ಇರಬೇಕು.”

ಒಮ್ಮೆ ಬಾಯಿ ತೆರೆದ ಮೇಲೆ ಉಳಿದದ್ದೂ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು, ತಾನು ಇಲ್ಲ ಎಂದದ್ದು, ಅಮರೇಶ ಕೇಳಿದಾಗಲೂ ಅದೇ ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದಳು. ಓದಿದವಳು ಇಂಥ ಕೆಲಸ ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು ಎಂದಳು. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತು, ಇರಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಕೇರಿಯ ಮೊದಲ ಬಿ.ಎಡ್. ನೆಲ ನೋಡುತ್ತಾ ನಿಂತಿತ್ತು.

ಗೋಪಮ್ಮ ಕೆಂಪು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು.

“ಆವತ್ತು ಹಾಕು ಅಂದಿ. ಇವತ್ತು ಹಾಕಬ್ಯಾಡ ಅಂತಿ. ಓದಿದಾಕಿ ನೀನ, ಹೇಳಾಕಿ ನೀನ. ನಾವು ಯಾವ ಮಾತು ನಂಬಬೇಕವ್ವಾ?”

ಉತ್ತರ ಕೊಟ್ಟವಳು ಮೌನೇಶ್ವರಿ. ಅವಳ ಮುಖದ ಮೇಲಿನ ನಗು ಹೋಗಿತ್ತು, ಧ್ವನಿ ಮಾತ್ರ ಮೊದಲಿನಂತೆಯೇ ಇತ್ತು.

“ಇವತ್ತಿಂದು ನಂಬು ಗೋಪಮ್ಮಾ. ಸುಳ್ಳು ಹೇಳಾಕ ಸಾಲಿ ಬಿಟ್ಟು ಇಲ್ಲಿ ತನಕ ಯಾರೂ ಬರಂಗಿಲ್ಲ. ಈಗಿಂದೀಗ ಅಕಿ ಕೂಡ ದವಾಖಾನಿಗೆ ಹೋಗು.”

ಗೋಪಮ್ಮ ಕೈ ತೊಳೆಯಲು ಕಾಲುವೆಯ ಕಡೆ ಹೋದಳು. ಬದುವಿನ ಮೇಲೆ ಇಬ್ಬರೇ ಉಳಿದರು. ರಾಧಾ ತಪ್ಪಾಯಿತು ಎನ್ನಲು ಹೊರಟಳು. ಮೌನೇಶ್ವರಿ ಬೇಡ ಎಂಬಂತೆ ಕೈ ಎತ್ತಿದಳು. ಆಸ್ಪತ್ರೆಯಲ್ಲಿ ಅಕ್ಕ ಮುಂಗೈ ಅದುಮಿದಾಗ, ಹೂವು ಔಷಧವಲ್ಲವಲ್ಲ, ಅದನ್ನು ಹೇಳಬೇಕಾಗಿಲ್ಲವೇನೋ ಎಂದು ತಿಳಿದುಕೊಂಡೆ ಎಂದಳು. ಹೈದರಾಬಾದಿನಲ್ಲಿ ಕೇಳಿದಾಗಲೂ ಅಕ್ಕ ಇಲ್ಲ ಎಂದಮೇಲೆ ಇಲ್ಲ ಎಂದು ಸುಮ್ಮನಿದ್ದೆ ಎಂದಳು. ಆಮೇಲೆ ಕೇಳಿದಳು:

“ಯಕ್ಕಾ, ಆವತ್ತ ಹೇಳಿದ್ರ ನನ್ನ ಕಣ್ಣು ಉಳೀತಿತ್ತೇನು?”

ರಾಧಾಳಿಗೆ ಗೊತ್ತಿತ್ತು, ಇಲ್ಲಿ ಒಂದು ಸಣ್ಣ ಸುಳ್ಳು ಸಾಕು. ಅಷ್ಟೊತ್ತಿಗೆ ಕೆಟ್ಟಿತ್ತು, ಹೇಳಿದ್ದರೂ ಉಳಿಯುತ್ತಿರಲಿಲ್ಲ ಎಂದರೆ ತಂಗಿಯ ಜೀವಕ್ಕೂ ತಂಪು, ತನ್ನ ಜೀವಕ್ಕೂ ತಂಪು. ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ. ಖಚಿತವಾಗಿ ಯಾರಿಗೆ ಗೊತ್ತು? ಮೌನೇಶ್ವರಿ ಇರುವ ಒಂದು ಕಣ್ಣಿನಿಂದ ಅವಳ ಬಾಯನ್ನೇ ನೋಡುತ್ತಿದ್ದಳು.

“ಉಳೀತಿತ್ತು ಅನಸ್ತದ, ಮೌನಾ.”

ಮೌನೇಶ್ವರಿಗೆ ನೀರು ಬಂತು, ಇರುವ ಕಣ್ಣಿನಿಂದಲೂ ಬಂತು, ಗಾಜಿನ ಕಣ್ಣಿನ ಅಂಚಿನಿಂದಲೂ ಬಂತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡಳು. ಹೊತ್ತು ಏರುತ್ತಿದೆ, ಗಂಡುಹೂವು ಬಾಡ್ತಾವೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಸಾಲಿಗೆ ಇಳಿದಳು. ರಾಧಾಳೂ ಹಿಂದೆಯೇ ಇಳಿದಳು. ಇಷ್ಟು ವರ್ಷ ಫೋಟೋ ತೆಗೆದವಳು, ಪಾಠ ಮಾಡಿದವಳು, ಈ ಕೆಲಸಕ್ಕೆ ಒಂದು ದಿನ ಕೈ ಹಚ್ಚಿದವಳಲ್ಲ. ತಂಗಿಗೆ ಗುರಿ ಸಿಗಲೆಂದು ಮೊಗ್ಗಿನ ತೊಟ್ಟನ್ನು ಎರಡು ಬೆರಳಿನಿಂದ ಅಲುಗದಂತೆ ಹಿಡಿದಳು.

“ಬಿಡು,” ಎಂದಳು ಮೌನೇಶ್ವರಿ. “ನಾ ಮಾಡ್ಕೋತೀನಿ.”

ರಾಧಾ ಕೈ ತೆಗೆದಳು.

ಗೋಪಮ್ಮ ಬಂದ ಮೇಲೆ ಮೌನೇಶ್ವರಿ ರಸ್ತೆಯ ತನಕ ಜೊತೆಗೆ ನಡೆದಳು. ಬಸ್ಸಿಗೆ ಕಾಯುವಾಗ ಗೋಪಮ್ಮನ ಸೆರಗನ್ನು ತಲೆಯ ಮೇಲೆ ಎಳೆದು ಸರಿ ಮಾಡಿದಳು. ಕಿಟಕಿಯ ಪಕ್ಕ ಕೂರಬೇಡ, ಗಾಳಿ ಹೊಡೆಯುತ್ತದೆ ಎಂದಳು. ಎಷ್ಟು ನವೆಯಾದರೂ ಕಣ್ಣು ತಿಕ್ಕಬೇಡ ಎಂದಳು. ಡಾಕ್ಟರು ಬೈದರೆ ಬೈಸಿಕೋ, ಏನು ಹಾಕಿದ್ದಿ ಎಂದು ಇದ್ದದ್ದು ಇದ್ದಂತೆ ಹೇಳು ಎಂದಳು. ತನ್ನ ರೊಟ್ಟಿಯ ಗಂಟನ್ನೂ ಅವಳ ಕೈಗೇ ಕೊಟ್ಟಳು. ರಾಧಾ ಎರಡು ಹೆಜ್ಜೆ ದೂರದಲ್ಲಿ, ತಂಗಿಯ ಎಡಗಡೆಗೆ, ಅವಳಿಗೆ ಕಾಣದ ಕಡೆಗೆ ನಿಂತಿದ್ದಳು. ಬಲಗಡೆಗೆ ಬಂದು ನಿಂತಳು. ಬಸ್ಸು ಬಂತು. ಗೋಪಮ್ಮನನ್ನು ತೋಳು ಹಿಡಿದು ಹತ್ತಿಸಿ, ಹುಷಾರು ಎಂದು ಇನ್ನೊಮ್ಮೆ ಹೇಳಿ, ಮೌನೇಶ್ವರಿ ಹೊಲದ ಕಡೆ ತಿರುಗಿ ನಡೆದಳು. ರಾಧಾ ಬಸ್ಸು ಹತ್ತಿ ಗೋಪಮ್ಮನ ಪಕ್ಕ ಕೂತಳು.